ಡ್ರಮ್ಮು ನಿಲ್ಲಲು ಬೇಕಿದ್ದ ಏಳು ನಿಮಿಷ

ಪ್ರತಿ ಶನಿವಾರ ನಾನು ತುಂಬಿ ಕಳಿಸಬೇಕಿದ್ದ ಫಾರಂನಲ್ಲಿ ಒಂದು ಕಾಲಂ ಇತ್ತು: ‘ಈ ವಾರ ವಿದ್ಯಾರ್ಥಿ ಕಲಿತದ್ದೇನು?’ ಎರಡು ಗೆರೆಯಷ್ಟೇ ಜಾಗ. ಮೊದಲ ವಾರ ‘ಸಮಯಪ್ರಜ್ಞೆ’ ಎಂದು ಬರೆದೆ. ಎರಡನೇ ವಾರ ‘ಹೊಂದಿಕೊಂಡು ಕೆಲಸ ಮಾಡುವುದು’. ಮೂರನೇ ವಾರಕ್ಕೆ ನನ್ನ ಹತ್ತಿರ ಗುಣಗಳೇ ಖಾಲಿಯಾದವು, ಮತ್ತೆ ‘ಸಮಯಪ್ರಜ್ಞೆ’ ಎಂದೇ ಬರೆದೆ. ನನ್ನ ಹತ್ತಿರ ಕೆಲಸಕ್ಕಿದ್ದ ಮಕ್ಕಳು ನಿಜವಾಗಿ ಏನು ಕಲಿಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಕೆಳಗೆ ಕಾಮೆಂಟಿನಲ್ಲಿ ‘ಪಾಪ, ನಿಮಗೇನು ಗೊತ್ತಿತ್ತು ಅಕ್ಕಾ’ ಎಂದು ಯಾರೂ ಸಮಾಧಾನ ಹೇಳಲು ಬರಬೇಡಿ.

ನನ್ನದು ಕೊಡಿಗೇಹಳ್ಳಿಯಲ್ಲಿ ಒಂದು ಲಾಂಡ್ರಿ. ಮನೆಮನೆಯ ಬಟ್ಟೆ ತೆಗೆದುಕೊಳ್ಳುವ ಅಂಗಡಿಯಲ್ಲ. ಏರ್‌ಪೋರ್ಟ್ ರಸ್ತೆಯ ಆಚೀಚೆಯ ಹೋಟೆಲು, ಪಿ.ಜಿ.ಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲುಗಳು ಮೂಟೆಗಟ್ಟಲೆ ಬಂದು ಬೀಳುವ ಶೆಡ್ಡು. ಒಂದು ಕಾಲಕ್ಕೆ ನಮ್ಮ ಮಾವನವರು ಹಸು ಕಟ್ಟುತ್ತಿದ್ದ ಜಾಗ. ನಾನು ಶುರು ಮಾಡಿದ ದಿನ ನಮ್ಮ ಅತ್ತೆ, “ಊರೋರ್ ಬಟ್ಟೆ ಒಗಿಯಕ್ಕೆ ನಮ್ಮನೇಗೆ ಸೊಸೆ ತಂದಂಗಾಯ್ತು” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದರು. ಈಗ ಅವರ ದಿಂಬಿನ ಕವರೂ ಇಲ್ಲೇ ಒಗೆಯುವುದು, ಬಿಡಿ.

ಒಗೆಯುವ ಯಂತ್ರಗಳು ಮೂರು, ಒಣಗಿಸುವವು ಎರಡು, ಇವುಗಳ ನಡುವೆ ಒಂದು ಹೈಡ್ರೋ. ಹೈಡ್ರೋ ಎಂದರೆ ಒಗೆದ ಬಟ್ಟೆಯ ನೀರು ಹಿಂಡುವ ಯಂತ್ರ. ಸೊಂಟದೆತ್ತರದ ಉಕ್ಕಿನ ಬಾನಿ, ಅದರೊಳಗೆ ತೂತುತೂತಿನ ಡ್ರಮ್ಮು. ಬಟ್ಟೆ ತುಂಬಿ, ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ಡ್ರಮ್ಮು ಕಣ್ಣಿಗೆ ಹಿಡಿಯದ ವೇಗದಲ್ಲಿ ತಿರುಗಿ ನೀರನ್ನೆಲ್ಲ ಆಚೆ ಉಗಿಯುತ್ತದೆ. ಅದರ ಒಂದು ಸ್ವಭಾವ ನಿಮಗೆ ತಿಳಿದಿರಬೇಕು. ಸ್ವಿಚ್ ಆರಿಸಿದರೆ ಅದು ನಿಲ್ಲುವುದಿಲ್ಲ. ಕರೆಂಟ್ ಹೋದರೂ ನಿಲ್ಲುವುದಿಲ್ಲ. ಅಷ್ಟು ಭಾರ ಹೊತ್ತು ತಿರುಗಿದ್ದು ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತದೆ. ನಿಲ್ಲಿಸಲು ಬುಡದಲ್ಲಿ ಒಂದು ಕಾಲಿನ ಬ್ರೇಕು ಕೊಟ್ಟಿರುತ್ತಾರೆ. ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯದಂತೆ ಒಂದು ಲಾಕು ಇರುತ್ತದೆ.

ನಮ್ಮದು ಯಶವಂತಪುರದಲ್ಲಿ ಬಾಗಿಲು ಹಾಕಿದ ಒಂದು ಲಾಡ್ಜಿನಿಂದ ತಂದ ಹಳೆಯ ಯಂತ್ರ. ಬ್ರೇಕು ಸವೆದು ಹೋಗಿತ್ತು. ಲಾಕಿನ ಕೊಂಡಿ ಬೀಳದಂತೆ ಅದರ ಸಂದಿಗೆ ಯಾರೋ ಒಂದು ಸ್ಟೀಲ್ ಚಮಚ ಸಿಕ್ಕಿಸಿದ್ದರು. ಯಂತ್ರದ ಜೊತೆಗೇ ಬಂದ ಚಮಚ. ನಾನು ಅದನ್ನು ತೆಗೆಯಲಿಲ್ಲ. ತೆಗೆದರೆ ಪ್ರತಿ ಲೋಡಿಗೂ ಸ್ವಿಚ್ ಆರಿಸಿದ ಮೇಲೆ ಏಳು ನಿಮಿಷ ಸುಮ್ಮನೆ ನಿಂತು ಕಾಯಬೇಕಿತ್ತು. ದಿನಕ್ಕೆ ಇಪ್ಪತ್ತು ಲೋಡು. ಯಾರು ಕಾಯುತ್ತಾರೆ?

ಕಾಯದೆ ಏನು ಮಾಡುತ್ತಿದ್ದೆವು ಎಂದರೆ, ಒಂದು ಒದ್ದೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಅಂಗೈಗೆ ಆನಿಸಿಕೊಂಡು, ತಿರುಗುವ ಡ್ರಮ್ಮಿನ ಅಂಚಿಗೆ ಮೆಲ್ಲಗೆ ಒತ್ತುವುದು. ಎಮ್ಮೆಯ ಬೆನ್ನು ಸವರಿ ನಿಲ್ಲಿಸಿದ ಹಾಗೆ. ಗುರ್ರ್ ಎನ್ನುತ್ತಿದ್ದದ್ದು ಒಂದೂವರೆ ನಿಮಿಷದಲ್ಲಿ ತಣ್ಣಗಾಗುತ್ತದೆ. ಟವೆಲ್ಲಿನ ಚುಂಗು ಮಾತ್ರ ಜೋತು ಬೀಳಬಾರದು. ಬಿದ್ದರೆ ಡ್ರಮ್ಮು ಅದನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಹಿಡಿದ ಕೈಯನ್ನೂ. ಇದನ್ನು ನನಗೆ ಕಲಿಸಿದ್ದು ನಮ್ಮ ಶೆಡ್ಡಿನ ತಾತ. ಅರವತ್ತು ದಾಟಿದ ಕೊಡಿಗೇಹಳ್ಳಿಯ ಹಳೇ ಮನೆಯವರು, ಸಂಬಂಧದಲ್ಲಿ ನಮ್ಮವರಿಗೆ ಏನೋ ಆಗಬೇಕು. ಹೋಟೆಲ್ ಲಾಂಡ್ರಿಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. “ಮೂವತ್ ವರ್ಸ ಇಂಗೇ ನಿಲ್ಸಿವ್ನಿ ಕಣವ್ವ, ಅತ್ತೂ ಬೆಳ್ಳವೆ ನೋಡು” ಎಂದು ಎರಡೂ ಕೈ ಎತ್ತಿ ತೋರಿಸುತ್ತಿದ್ದರು. ಹತ್ತೂ ಬೆರಳು ಇದ್ದವು, ನಿಜ.

ಆ ವರ್ಷ ಯಲಹಂಕ ಕಡೆಯ ಒಂದು ಕಾಲೇಜಿನಿಂದ ಲೆಕ್ಚರರ್ ಮೇಡಂ ಒಬ್ಬರು ಬಂದರು. ಓದುವ ಮಕ್ಕಳಿಗೆ ಅರ್ಧ ದಿನ ಕೆಲಸ ಕೊಡಿಸುವ ಯೋಜನೆ. “ಅರ್ಧ ಸಂಬಳ ಸ್ಕೀಮಿಂದ ಬರುತ್ತೆ ಮೇಡಂ, ಅರ್ಧ ನೀವು ಕೊಟ್ರೆ ಸಾಕು” ಎಂದರು. ಶರತ್ತುಗಳ ಹಾಳೆಯನ್ನು ಅವರೇ ಓದಿ ಹೇಳಿದರು. ಮಧ್ಯಾಹ್ನ ಎರಡರಿಂದ ಆರು, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಯಂತ್ರದ ಕೆಲಸ ಕೊಡುವಂತಿಲ್ಲ. ವಿಂಗಡಿಸುವುದು, ಮಡಚುವುದು, ಚೀಟಿ ಅಂಟಿಸುವುದು ಮಾತ್ರ. ಮೇಲ್ವಿಚಾರಕರು ವಾರವಾರ ಫಾರಂ ತುಂಬಬೇಕು.

“ಮೇಲ್ವಿಚಾರಕರು ಯಾರು?” ಎಂದೆ.

“ನೀವೇ ಮೇಡಂ.”

ನನಗೆ ಆ ಪದ ಇಷ್ಟವಾಗಿಬಿಟ್ಟಿತು, ಸುಳ್ಳೇಕೆ ಹೇಳಲಿ. ಬಟ್ಟೆ ಒಗೆಯುವವಳು ಎನ್ನಿಸಿಕೊಂಡವಳು ನಾನು. ಸಹಿ ಹಾಕಿದೆ.

ಇಬ್ಬರು ಬಂದರು. ಮೊದಲನೆಯವನು ಅಬ್ಬಿಗೆರೆಯ ಹುಡುಗ. ತಲೆ ಮೇಲೆ ಕೋಳಿ ಜುಟ್ಟು, ಕೈಯಲ್ಲಿ ಬೈಕಿನ ಕೀ.

“ಯಾಕಪ್ಪಾ ಬೇಕು ಈ ಕೆಲ್ಸ?”

“ಪೆಟ್ರೋಲ್‌ಗೆ ಆಂಟಿ.”

“ಆಂಟಿ ಅಲ್ಲ, ಮೇಡಂ.”

“ಸರಿ ಆಂಟಿ.”

ಎರಡನೆಯವಳು ಗದಗದ ಹುಡುಗಿ. ಬಿ.ಎಸ್ಸಿ. ಎರಡನೇ ವರ್ಷದ ಕೊನೆಯಲ್ಲಿದ್ದಳು, ಯಲಹಂಕದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲು. ಎಣ್ಣೆ ಹಚ್ಚಿ ಹೆಣೆದ ಜಡೆ, ಕೈಗೆ ದೊಡ್ಡ ಡಯಲಿನ ಗಂಡಸರ ವಾಚು. ಎರಡು ನಿಮಿಷಕ್ಕೊಮ್ಮೆ ಅದನ್ನು ನೋಡುತ್ತಿದ್ದಳು.

“ಇಂಥ ಕೆಲ್ಸ ಮಾಡಿ ಅಭ್ಯಾಸ ಇದ್ಯೇನಮ್ಮಾ?”

“ಮನ್ಯಾಗ ಐದು ಮಂದಿ ಅರಿವಿ ನಾನ ಒಗೀತಿದ್ನಿರಿ.”

“ಇಲ್ಲಿ ಐನೂರು ಮಂದಿದು ಬರುತ್ತೆ.”

“ಐನೂರು ಮಂದಿ ಅರಿವಿ ಮಷಿನ್ ಒಗೀತೈತಲ್ರಿ, ನಾ ಅಲ್ಲಲ್ರಿ.”

ತಾತ ಹಿಂದಿನಿಂದ ನಕ್ಕರು. “ಬಾಯಿ ಜೋರೈತೆ, ತಗೊಳವ್ವ ಇವ್ಳನ್ನ.” ತೆಗೆದುಕೊಂಡೆ.

ಮೊದಲ ವಾರದ ಒಂದು ಮಧ್ಯಾಹ್ನ ತಾತ ಊಟಕ್ಕೆ ಹೋಗಿದ್ದರು. ಹೈಡ್ರೋದಲ್ಲಿ ಒಂದು ಲೋಡು ತಿರುಗುತ್ತಿತ್ತು. ಇಬ್ಬರೂ ಮಡಚುವ ಟೇಬಲ್ಲಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಸ್ವಿಚ್ ಆರಿಸಿ, ಮುಚ್ಚಳ ಎತ್ತಿ, ಟವೆಲ್ ಮಡಿಸಿ, ಒಂದೇ ಕೈಯಲ್ಲಿ ಡ್ರಮ್ಮು ನಿಲ್ಲಿಸಿದೆ. ಅಗತ್ಯವೇ ಇರಲಿಲ್ಲ, ಅವತ್ತು ಅವಸರವೂ ಇರಲಿಲ್ಲ. ಜಂಬ, ಅಷ್ಟೇ.

“ಗುರೂ, ಆಂಟಿ ಬೆಂಕಿ!” ಎಂದು ಅಬ್ಬಿಗೆರೆ ಹುಡುಗ ಶಿಳ್ಳೆ ಹೊಡೆದ.

ಹುಡುಗಿ ಶಿಳ್ಳೆ ಹೊಡೆಯಲಿಲ್ಲ, ನಗಲಿಲ್ಲ. ವಾಚು ನೋಡಿಕೊಂಡಳು. “ಎಷ್ಟ್ ಲಗೂನ ನಿಂತ್ತಲ್ರಿ” ಎಂದಳು.

“ನೀವ್ ಮುಟ್ಟೋ ಹಾಗಿಲ್ಲ, ಗೊತ್ತಾಯ್ತಾ?” ಎಂದೆ. ಕೈ ಒರೆಸಿಕೊಳ್ಳುತ್ತಾ, ನಗುತ್ತಾ ಹೇಳಿದೆ. ನಗುತ್ತಾ ಹೇಳಿದ ಮಾತನ್ನು ಈ ವಯಸ್ಸಿನವರು ಯಾವ ಕಿವಿಯಲ್ಲಿ ಕೇಳುತ್ತಾರೆ ಎಂದು ಇಬ್ಬರು ಮಕ್ಕಳನ್ನು ಬೆಳೆಸಿದ ನನಗೆ ಗೊತ್ತಿರಬೇಕಿತ್ತು.

ಆ ವಾಚಿನ ವಿಷಯ ಹದಿನೈದು ದಿನದ ಮೇಲೆ ತಿಳಿಯಿತು. ಹಾಸ್ಟೆಲ್ಲಿನ ಗೇಟು ಏಳಕ್ಕೆ ಹಾಕುತ್ತಾರೆ. ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಏಳರೊಳಗೆ ಮುಟ್ಟಬೇಕೆಂದರೆ ಅವಳು ಕೊಡಿಗೇಹಳ್ಳಿ ಗೇಟ್ ಸ್ಟಾಪಿನಲ್ಲಿ ಆರೂ ಹತ್ತರ ಬಸ್ಸು ಹಿಡಿಯಲೇಬೇಕು. ತಡವಾದರೆ ವಾರ್ಡನ್ ಒಳಗೆ ಬಿಡುತ್ತಾರೆ, ಆದರೆ ಬಿಡುವ ಮುಂಚೆ ಅವಳ ಎದುರಿಗೇ ಅಪ್ಪನಿಗೆ ಫೋನು ಮಾಡುತ್ತಾರೆ. ಅಪ್ಪ ಊರಿನಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವರು. ಕಳಿಸುವಾಗ ಒಂದೇ ಮಾತು ಹೇಳಿದ್ದರಂತೆ.

“ಮೂರನೇ ಸಲ ಫೋನ್ ಬಂತಂದ್ರ ನಾನ ಬಂದು ಕರ್ಕೊಂಡ್ ಹೋಗ್ತೀನಿ ಅಂದಾನ್ರಿ ನಮ್ಮಪ್ಪ.”

“ಅಪ್ಪಂದಿರು ಹಾಗೇ ಹೇಳ್ತಾರೆ ಬಿಡಮ್ಮ, ನಿಜವಾಗ್ಲೂ ಬರ್ತಾರಾ?”

“ನಮ್ಮಕ್ಕನ್ನ ಹುಬ್ಬಳ್ಳಿಯಿಂದ ಹಂಗ ಕರ್ಕೊಂಡ್ ಬಂದ್ರಿ. ನರ್ಸಿಂಗ್ ಓದಾಕತ್ತಿದ್ಲು. ಆರು ತಿಂಗ್ಳಿಗೆ ಮದ್ವಿ ಮಾಡಿದ್ರು.” ದಿಂಬಿನ ಕವರಿನ ಮೂಲೆ ಸರಿಯಾಗಿ ಕೂರಿಸಿ, ಅದರ ಮೇಲೆ ಕೈ ಎಳೆದಳು. “ನಂದು ಇನ್ನೊಂದ ವರ್ಷ ಐತ್ರಿ. ಅದೊಂದ್ ಮುಗದ್ರ ಸಾಕು.”

ಆಗಲೇ ಒಂದು ಫೋನು ಹೋಗಿತ್ತು. ಅದಕ್ಕೆ ಕಾರಣ ಟ್ರಾಫಿಕ್ಕೂ ಅಲ್ಲ, ಮಳೆಯೂ ಅಲ್ಲ, ನಾನು.

ನಮ್ಮ ಕಸುಬಿನಲ್ಲಿ ಹಿಂಡಿದ ಲೋಡನ್ನು ರಾತ್ರಿಯೆಲ್ಲ ಹೈಡ್ರೋದೊಳಗೆ ಬಿಡುವಂತಿಲ್ಲ. ಬೆಳಿಗ್ಗೆಗೆ ಮುಗ್ಗಲು ವಾಸನೆ ಹತ್ತುತ್ತದೆ, ಹೋಟೆಲಿನವರು ಮೂಟೆ ಸಮೇತ ವಾಪಸ್ ಕಳಿಸುತ್ತಾರೆ. ಐದೂವರೆಗೆ ತಾತ ವ್ಯಾನಿನ ಜೊತೆ ಡೆಲಿವರಿಗೆ ಹೊರಡುತ್ತಿದ್ದರು. ಅಬ್ಬಿಗೆರೆ ಹುಡುಗ ಐದೂವರೆಯಿಂದಲೇ ಹೆಲ್ಮೆಟ್ಟು ಹುಡುಕಲು ಶುರು ಮಾಡುತ್ತಿದ್ದ. ನಾನು ಮುಂದಿನ ಕೋಣೆಯಲ್ಲಿ ನಾಳೆಯ ಮೂಟೆಗಳನ್ನು ಬರೆದುಕೊಳ್ಳುತ್ತಿರುತ್ತಿದ್ದೆ. ಅಲ್ಲಿಂದಲೇ ಕೂಗುತ್ತಿದ್ದೆ, “ಆ ಕೊನೇ ಲೋಡ್ ಒಂದು ಇಳಿಸ್ಬಿಟ್ಟು ಹೋಗಮ್ಮಾ.” ಇಳಿಸುವುದು ಮಾತ್ರ ತಾನೇ, ನಡೆಸುವುದಲ್ಲವಲ್ಲ ಎಂದು ನನ್ನ ಲೆಕ್ಕ. ಸ್ವಿಚ್ ಆರಿಸಿದ ಮೇಲೂ ಅದು ತಿರುಗುತ್ತಲೇ ಇರುತ್ತದೆ ಎನ್ನುವುದನ್ನು ಆ ಲೆಕ್ಕದಲ್ಲಿ ಹಿಡಿದಿರಲಿಲ್ಲ. ಹಿಡಿಯಲು ಮನಸ್ಸಿರಲಿಲ್ಲ ಅನ್ನಿ.

ಮೊದಮೊದಲು ಆ ಕೊನೆಯ ಲೋಡು ಇಳಿಯುವಷ್ಟರಲ್ಲಿ ಆರೂ ಐದಾಗುತ್ತಿತ್ತು. ಅವಳು ಬ್ಯಾಗು ಎತ್ತಿಕೊಂಡು ಓಡುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಆಮೇಲಾಮೇಲೆ ಆರು ಹೊಡೆಯುವುದರೊಳಗೇ ಮುಗಿಯತೊಡಗಿತು. ಅವಳು ನಡೆದುಕೊಂಡೇ ಹೋಗತೊಡಗಿದಳು. ಒಂದು ದಿನ ಹೊರಡುವಾಗ ನನ್ನ ಮುಂದೆ ಹಾದುಹೋದಳು. ಬಲಗೈಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಒಣಗಿದ ಬಟ್ಟೆ ಮಡಚುವವಳ ತೋಳು ಯಾಕೆ ಒದ್ದೆಯಾಗಬೇಕು? ನಾನು ಆ ತೋಳು ನೋಡಿದೆ, ಗೋಡೆಯ ಗಡಿಯಾರ ನೋಡಿದೆ. “ಪರ್ವಾಗಿಲ್ಲ, ಬೇಗ್ ಮುಗೀತಲ್ಲ” ಎಂದೆ. ಆ ಶನಿವಾರ ಫಾರಂನಲ್ಲಿ ‘ಕೆಲಸದಲ್ಲಿ ಚುರುಕುತನ’ ಎಂದು ಬರೆದೆ.

ವ್ಯಾನು ತಡವಾದ ಒಂದು ಸಂಜೆ ತಾತನ ಕಣ್ಣಿಗೂ ಬಿದ್ದಿತ್ತು. “ಆ ಮಗೀಗ್ ಯಾರವ್ವ ಏಳ್ಕೊಟ್ಟೋರು?” ಎಂದು ಕೇಳಿದರು.

“ನೀವೇ ಹೇಳ್ಕೊಟ್ಟಿರ್ಬೇಕು.”

“ನಾನಲ್ಲ ಕಣವ್ವ. ನಮ್ದು ಪಳಗಿದ್ ಕೈ, ಅದ್ಕೆ ಗೊತ್ತೈತೆ ಎಲ್ ಬಿಡ್ಬೇಕು ಅಂತ. ಅವ್ಳು ಬಿಡಾಕಿಲ್ಲ. ಟವೆಲ್ ಬಿಗಿಯಾಗ್ ಇಡ್ಕೋತಾಳೆ. ಅವ್ಳ್ ಕಣ್ಣು ಡ್ರಮ್ಮಿನ್ ಮ್ಯಾಲ್ ಇರಲ್ಲ, ವಾಚಿನ್ ಮ್ಯಾಲ್ ಇರ್ತದೆ.”

ಆ ಮಾತು ಕೇಳಿದ ಮೇಲೆ, ನಾಳೆಯಿಂದ ಕೊನೆಯ ಲೋಡು ನಾನೇ ಇಳಿಸಬೇಕು ಅಂದುಕೊಂಡೆ. ಎರಡು ದಿನ ಇಳಿಸಿದೆ ಕೂಡ. ಮೂರನೇ ದಿನ ಒಂದು ಹೋಟೆಲಿನ ಮ್ಯಾನೇಜರ್ ಫೋನಿನಲ್ಲಿ ಕೂಗಾಡುತ್ತಿದ್ದ. ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳತ್ತ ಕೈ ಮಾಡಿ ಹೈಡ್ರೋ ತೋರಿಸಿದೆ. ಅವಳು ತಲೆಯಾಡಿಸಿ ಹೋದಳು.

ನಡುವೆ ಒಂದು ದಿನ ಲೆಕ್ಚರರ್ ತಪಾಸಣೆಗೆ ಬರುತ್ತೇನೆಂದು ಬೆಳಿಗ್ಗೆಯೇ ಮೆಸೇಜು ಹಾಕಿದರು. ಅವರ ಗಾಡಿ ಗೇಟಿಗೆ ಬಂದ ತಕ್ಷಣ ತಾತ ಲಾಕಿನ ಸಂದಿಯಿಂದ ಚಮಚ ಕಿತ್ತು ಜೇಬಿಗೆ ಹಾಕಿಕೊಂಡರು. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಹೋಯಿತು. ಮಕ್ಕಳಿಬ್ಬರೂ ಮಡಚುವ ಟೇಬಲ್ಲಿನ ಮುಂದೆ. ಲೆಕ್ಚರರ್ ಫೋಟೋ ತೆಗೆದರು, ಕಾಫಿ ಕುಡಿದರು, “ತುಂಬಾ ನೀಟಾಗಿದೆ ಮೇಡಂ” ಎಂದರು, ಹೋದರು. ತಾತ ಜೇಬಿನಿಂದ ಚಮಚ ತೆಗೆದು ಅದರ ಜಾಗಕ್ಕೆ ಸಿಕ್ಕಿಸಿದರು.

ಹುಡುಗಿ ಎಲ್ಲವನ್ನೂ ನೋಡುತ್ತಿದ್ದಳು. “ಕಾಲೇಜ್ ಮೇಡಂ ಬಂದಾಗ ಚಮಚ ಯಾಕ ತಗದ್ರಿ?”

“ಕಾಫಿಗೆ ಸಕ್ರೆ ಕಲಸಕ್ಕೆ ಕಣೇ” ಎಂದ ಅಬ್ಬಿಗೆರೆ ಹುಡುಗ. ಎಲ್ಲರೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮುಂದಿನ ಸೋಮವಾರ ಕೊನೆಯ ಲೋಡು ತಡವಾಗಿ ಅವಳಿಗೆ ಬಸ್ಸು ತಪ್ಪಿತು. ಎರಡನೇ ಫೋನು ಹೋಯಿತು. ಮಂಗಳವಾರ ಬಂದವಳ ಕಣ್ಣು ಊದಿತ್ತು. ಚೀಟಿ ಅಂಟಿಸುವಾಗ ಎರಡು ಮೂಟೆಯ ಚೀಟಿ ಅದಲುಬದಲು ಮಾಡಿದಳು. ಅದುವರೆಗೆ ಒಂದೂ ತಪ್ಪು ಮಾಡಿರಲಿಲ್ಲ. ಅಬ್ಬಿಗೆರೆ ಹುಡುಗ, “ಬಾರೇ, ಬೈಕಲ್ಲಿ ಬಿಡ್ತೀನಿ ಹಾಸ್ಟೆಲ್ ಗೇಟ್ ತನ್ಕ” ಎಂದದ್ದಕ್ಕೆ, “ನಿನ್ನ ಬೈಕಿನ್ಯಾಗ ವಾರ್ಡನ್ ನೋಡಿದ್ರ ಮೂರನೇ ಫೋನ್ ಬ್ಯಾಡ, ಅಪ್ಪ ಎದ್ದು ಬರೋದ ಆಕೈತಿ” ಎಂದಳು. ಆ ಮಾತಿಗೆ ಯಾರೂ ನಗಲಿಲ್ಲ.

ಆಮೇಲೆ ಗುರುವಾರ.

ಮದುವೆ ಪಾರ್ಟಿಯೊಂದು ತಂಗಿದ್ದ ಹೋಟೆಲಿನಿಂದ ಟವೆಲ್ಲುಗಳೇ ಹನ್ನೊಂದು ಮೂಟೆ ಬಂದಿದ್ದವು. ಮಧ್ಯಾಹ್ನದಿಂದ ಯಾರೂ ಕೂತಿರಲಿಲ್ಲ. ತಾತನ ವ್ಯಾನು ಅವತ್ತು ತಡ, ಅವರಿನ್ನೂ ಹೊರಗೆ ಮೂಟೆ ಹೇರಿಸುತ್ತಿದ್ದರು. ಐದೂ ಐವತ್ತು. ಹೈಡ್ರೋದ ಸದ್ದು ಇಳಿಯುವುದು ಕೇಳಿಸಿತು, ಅಂದರೆ ಸ್ವಿಚ್ ಆರಿಸಿದ್ದಾಳೆ. ನಾನು ಮುಂದಿನ ಕೋಣೆಯಿಂದ ಕೂಗಿದೆ, “ಆಯ್ತೇನಮ್ಮಾ?”

“ಆಗಾಕತ್ತೈತ್ರಿ!”

ಅದಾದ ಮೇಲೆ ಬಂದದ್ದು ಒದ್ದೆ ಸೀರೆಯನ್ನು ಕಲ್ಲಿಗೆ ಒಗೆದಂಥ ಸದ್ದು. ಒಂದು. ಮತ್ತೊಂದು. ಅವಳು ಕಿರುಚಲಿಲ್ಲ. ಕಿರುಚಿದ್ದು ಅಬ್ಬಿಗೆರೆ ಹುಡುಗ. “ಆಂಟೀ! ಆಂಟೀ!”

ಓಡಿ ಹೋಗಿ ಮೊದಲು ಕೆಂಪು ಗುಂಡಿ ಒತ್ತಿದೆ. ಅದು ಆಗಲೇ ಆರಿತ್ತು. ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ, ಆರಿದ್ದನ್ನೇ ಆರಿಸುತ್ತಾ ನಿಂತಿದ್ದೆ. ಡ್ರಮ್ಮು ತಿರುಗುತ್ತಿತ್ತು. ಹುಡುಗಿಯ ಬಲಗೈ ಬಾನಿಯೊಳಗೆ, ಎದೆ ಉಕ್ಕಿನ ಅಂಚಿಗೆ ಒತ್ತಿಕೊಂಡಿತ್ತು, ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡುತ್ತಿತ್ತು. ತಾತ ಎಲ್ಲಿಂದ ಬಂದರೋ, ಆ ಸವೆದ ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಹತ್ತಿ ನಿಂತರು. ಹುಡುಗ ಅವಳ ಸೊಂಟ ಹಿಡಿದುಕೊಂಡ. ಆಗ ಟವೆಲ್ಲು ಹರಿಯಿತು, ಕೈ ಬಿಡಿಸಿಕೊಂಡು ಹೊರಬಂತು.

ಅದು ಹೋಟೆಲಿನವರು ಬೇಡವೆಂದು ಬಿಟ್ಟ, ಸವೆದು ಬಲೆಯಂತಾಗಿದ್ದ ಟವೆಲ್ಲು. ಹೈಡ್ರೋ ನಿಲ್ಲಿಸಲು ನಾವು ಯಾವಾಗಲೂ ಅಂಥದ್ದನ್ನೇ ಇಟ್ಟುಕೊಳ್ಳುತ್ತಿದ್ದೆವು, ಒಳ್ಳೆಯದು ಹಾಳಾಗಬಾರದಲ್ಲ. ಅವತ್ತು ಬಂದಿದ್ದ ಹೊಸ ಟವೆಲ್ಲುಗಳಲ್ಲಿ ಒಂದನ್ನು ಅವಳು ಎತ್ತಿಕೊಂಡಿದ್ದರೆ ಹರಿಯುತ್ತಿರಲಿಲ್ಲ. ಹರಿಯದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಬರೆಯುವುದಿಲ್ಲ.

ನೆಲದ ಮೇಲೆ ಕೂರಿಸಿದೆವು. ಕೈ ಇರಬಾರದ ಕಡೆಗೆ ತಿರುಗಿತ್ತು. ಅವಳು ನನ್ನ ಮುಖ ನೋಡಿ ಕೇಳಿದ ಮೊದಲ ಮಾತು, “ಟೈಮ್ ಎಷ್ಟಾತ್ರಿ?”

ವಾಚು ಎಡಗೈಯಲ್ಲೇ ಇತ್ತು. ಅದನ್ನು ನೋಡಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

ಹೆಬ್ಬಾಳದ ಕಡೆ ಒಂದು ಆಸ್ಪತ್ರೆಗೆ ವ್ಯಾನಿನಲ್ಲೇ ಕರೆದುಕೊಂಡು ಹೋದೆವು. ಎರಡು ಕಡೆ ಮೂಳೆ ಮುರಿದಿತ್ತು. ರಾಡು ಹಾಕಬೇಕು, ಬೆರಳು ಮೊದಲಿನಂತೆ ಮಡಚುತ್ತವೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಮೂರನೇ ಫೋನು ವಾರ್ಡನ್ ಮಾಡಲಿಲ್ಲ. ನಾನು ಮಾಡಿದೆ. “ನಿಮ್ಮ ಮಗಳು ಬಿದ್ದು ಕೈಗೆ ಪೆಟ್ಟಾಗಿದೆ, ಗಾಬರಿ ಬೇಡ” ಎಂದೆ. ಅಪ್ಪ, “ಬರ್ತೀನ್ರಿ” ಎಂದು ಇಟ್ಟುಬಿಟ್ಟರು.

ಶುಕ್ರವಾರ ಲೆಕ್ಚರರ್ ಆಸ್ಪತ್ರೆಗೇ ಬಂದರು. “ಮೇಡಂ, ಆಗ ಏನ್ ಕೆಲ್ಸ ಮಾಡ್ತಿದ್ಲು ಅಂತ ನಾನು ಬರ್ಕೊಂಡು ಹೋಗ್ಬೇಕು. ಮಷಿನ್ ಅಲ್ಲ ತಾನೇ?”

ನಾನು ಬಾಯಿ ತೆರೆಯುವ ಮುಂಚೆ ತಾತ ಹೇಳಿದರು, “ಸೋಪಿನ್ ನೀರಲ್ಲಿ ಕಾಲ್ ಜಾರ್ತು.”

ಮಂಚದ ಮೇಲಿದ್ದ ಹುಡುಗಿ ಅದನ್ನೇ ಹಿಡಿದುಕೊಂಡಳು. “ಹೌದ್ರಿ ಮೇಡಂ. ನಾನ ಜಾರಿ ಬಿದ್ನಿರಿ.” ಲೆಕ್ಚರರ್ ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದಳು, ಎಡಗೈಯಲ್ಲಿ. “ಅಪ್ಪಗೂ ಹಂಗ ಹೇಳ್ರಿ ಆಂಟಿ. ಮಷಿನ್ ಅಂದ್ರ ಕರ್ಕೊಂಡ ಹೋಗ್ತಾನ. ಬಿದ್ನಿ ಅಂದ್ರ ಬಿಟ್ಟ ಹೋಗ್ಬಹುದು. ಎಡಗೈಲೆ ಬರೆಯೋದ ಕಲೀತೀನ್ರಿ ನಾ.”

ನೋಡಿ, ಅವಳು ಸುಳ್ಳು ಕೇಳಿದ್ದು ತನ್ನ ಓದಿಗೆ. ನಾನು ಒಪ್ಪಿದ್ದು ನನ್ನ ಶೆಡ್ಡಿಗೆ. ಇಬ್ಬರಿಗೂ ಒಂದೇ ಸುಳ್ಳು ಬೇಕಾಗಿತ್ತು. ಹಾಗಾಗಿ ಅದು ಒಳ್ಳೆಯದೇ ಇರಬೇಕು ಎನ್ನಿಸಿತು.

ಶನಿವಾರ ಬೆಳಿಗ್ಗೆ ಅಪ್ಪ ಬಂದರು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಶಾಯಿ. ಮಗಳ ಹತ್ತಿರ ಕೂತು ಭುಜ ನೋಡಿದರು. ಪಟ್ಟಿಯ ಮೇಲೆ, ತೋಳಿನ ಸುತ್ತ, ಹಗ್ಗ ಸುತ್ತಿದಂತೆ ನೀಲಿ ಬರೆ ಎದ್ದಿತ್ತು. ಅದರ ಮೇಲೆ ಬೆರಳು ಆಡಿಸಿದರು.

“ಎಲ್ಲಿ ಬಿದ್ದಿ?”

“ಸೋಪಿನ ನೀರಾಗ, ಅಪ್ಪಾ.”

ಅವರು ನನ್ನತ್ತ ತಿರುಗಿದರು. “ಆ ಜಾಗಾ ತೋರಸ್ರಿ.”

ಆಟೋದಲ್ಲಿ ಕೊಡಿಗೇಹಳ್ಳಿಗೆ ಬಂದೆವು. ಶೆಡ್ಡಿನೊಳಗೆ ಬಂದು ಒಮ್ಮೆ ಸುತ್ತ ನೋಡಿದರು. ಸೋಪಿನ ನೀರಿನ ನೆಲವನ್ನು ನೋಡಲೇ ಇಲ್ಲ. ನೇರವಾಗಿ ಹೈಡ್ರೋದ ಮುಂದೆ ಹೋಗಿ ನಿಂತರು. ಮುಚ್ಚಳ ಎತ್ತಿ ಇಳಿಸಿದರು. ಲಾಕಿನ ಸಂದಿಯಲ್ಲಿದ್ದ ಚಮಚವನ್ನು ಎರಡು ಬೆರಳಲ್ಲಿ ಮುಟ್ಟಿದರು, ತೆಗೆಯಲಿಲ್ಲ. ಕಾಲಿನ ಬ್ರೇಕು ತುಳಿದು ನೋಡಿದರು; ಅದು ಸಡಿಲವಾಗಿ ನೆಲಕ್ಕೆ ಹೋಯಿತು.

“ಅರಿವಿ ಹಾಕಿ ಚಾಲೂ ಮಾಡ್ರಿ.”

ತಾತ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ತಾತ ಟವೆಲ್ಲು ತುಂಬಿ, ಮುಚ್ಚಳ ಹಾಕಿ, ಗುಂಡಿ ಒತ್ತಿದರು. ಸದ್ದು ಏರಿತು.

“ಬಂದ್ ಮಾಡ್ರಿ.”

ತಾತ ಸ್ವಿಚ್ ಆರಿಸಿದರು. ಹುಡುಗಿಯ ಅಪ್ಪ ಜೇಬಿನಿಂದ ಫೋನು ತೆಗೆದು ಗಂಟೆ ನೋಡಿದರು. ಕೈ ಹಿಂದೆ ಕಟ್ಟಿ ನಿಂತರು. ಡ್ರಮ್ಮು ತಿರುಗುತ್ತಿತ್ತು. ಅಬ್ಬಿಗೆರೆ ಹುಡುಗ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದ. ಯಾರೂ ಟವೆಲ್ಲಿಗೆ ಕೈ ಹಾಕಲಿಲ್ಲ. ಹದಿಮೂರು ವರ್ಷದಲ್ಲಿ ಆ ಯಂತ್ರ ತಾನಾಗಿ ನಿಲ್ಲುವುದನ್ನು ನಾನು ಕೂತು ನೋಡಿದ್ದೇ ಇಲ್ಲ ಎಂದು ಆಗ ಹೊಳೆಯಿತು.

ಮೂರು ನಿಮಿಷವಾಗಿರಬೇಕು, ಅವರು ಡ್ರಮ್ಮಿನಿಂದ ಕಣ್ಣು ತೆಗೆಯದೆ ಮಾತಾಡಿದರು.

“ನಮ್ಮ ಪ್ರೆಸ್ಸಿನ್ಯಾಗ ಕಾಗದ ಕತ್ತರ್ಸೋ ಮಷಿನ್ ಐತ್ರಿ. ಎರಡೂ ಕೈಲೆ ಎರಡು ಗುಂಡಿ ಒತ್ತಿದ್ರ ಅಷ್ಟ ಬ್ಲೇಡ್ ಇಳೀತೈತ್ರಿ. ಕೈ ಎರಡೂ ಹೊರಗ ಇರ್ಲಿ ಅಂತ ಹಂಗ ಮಾಡ್ಯಾರ. ಒಂದ್ ಗುಂಡಿಗೆ ಟೇಪ್ ಹಚ್ಚಿ ಬಿಟ್ಟ್ರ ಒಂದ ಕೈಲೆ ಕೆಲ್ಸಾ ಆಕೈತ್ರಿ. ಲಗೂನ ಆಕೈತಿ.”

“ನಿಮ್ಮ ಓನರ್ ಹಚ್ಚಿಸ್ತಾರಾ?” ಎಂದೆ. ಯಾಕೋ ಆ ಕ್ಷಣಕ್ಕೆ ಬೇರೊಬ್ಬ ಓನರ್ ಬೇಕಾಗಿತ್ತು ನನಗೆ.

“ಹಚ್ಚಿದಾಂವ ನಾನ ರಿ” ಎಂದರು. “ಸಣ್ಣಾಕಿದ್ದ್ಲು, ಸಾಲಿ ಬಿಟ್ಟಮ್ಯಾಲ ಬುತ್ತಿ ತರ್ತಿದ್ಲು. ಬುತ್ತಿ ಕೊಟ್ಟು ಅಲ್ಲೇ ನಿಂತು ನೋಡ್ತಿದ್ಲು. ಅಪ್ಪಾ, ನೀ ಎಷ್ಟ್ ಲಗೂ ಮಾಡ್ತಿ ಅಂತಿದ್ಲು.”

ಹೊರಗೆ ನಿಲ್ಲಿಸಿದ್ದ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಡ್ರಮ್ಮಿನ ತೂತುಗಳು ಒಂದೊಂದಾಗಿ ಕಾಣತೊಡಗಿದವು, ಆಮೇಲೆ ಎಣಿಸುವಷ್ಟು ನಿಧಾನ, ಆಮೇಲೆ ನಿಂತಿತು.

ಅವರು ಫೋನು ನೋಡಿದರು. “ಏಳ ನಿಮಿಷ. ಅಷ್ಟ ಏನ್ರಿ?”

“ಅವ್ಳನ್ನ ನಮ್ಮನೇಲೇ ಇಟ್ಕೊಂಡು ನೋಡ್ಕೋತೀನಿ, ಪರೀಕ್ಷೆ ಮುಗಿಸ್ಲಿ” ಎಂದೆ. ನಿಜವಾಗಿಯೇ ಕೇಳಿದೆ, ಬೇಡಿಕೊಂಡೆ ಎಂದರೂ ಸರಿ.

“ನಿಮ್ಮಲ್ಲಿ ಬ್ಯಾಡ್ರಿ” ಎಂದರು. ದನಿ ಏರಿಸಲಿಲ್ಲ. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆ ಫಾರಂ ತುಂಬಿದೆ. ‘ಈ ವಾರ ವಿದ್ಯಾರ್ಥಿ ಕಲಿತದ್ದೇನು?’ ಎಂಬಲ್ಲಿ, ‘ತಿರುಗುವ ಡ್ರಮ್ಮನ್ನು ಒದ್ದೆ ಟವೆಲ್ಲಿನಿಂದ ನಿಲ್ಲಿಸುವುದು. ತೋರಿಸಿಕೊಟ್ಟವರು: ಮೇಲ್ವಿಚಾರಕರು’ ಎಂದು ಬರೆದು ಸಹಿ ಹಾಕಿದೆ. ಎರಡು ಗೆರೆಯ ಜಾಗ ಸಾಕಾಯಿತು. ಕಾಲೇಜಿನವರು ನಮ್ಮ ಶೆಡ್ಡನ್ನು ಪಟ್ಟಿಯಿಂದ ತೆಗೆದರು, ಅಬ್ಬಿಗೆರೆ ಹುಡುಗನನ್ನು ಬೇರೆ ಕಡೆ ಹಾಕಿದರು. ಸತ್ಯ ಬರೆದದ್ದಕ್ಕೆ ಯಾರೂ ನನ್ನನ್ನು ಹೊಗಳಬೇಡಿ. ಅವಳಿಗೆ ಅದರಿಂದ ಏನೂ ಆಗಲಿಲ್ಲ, ತಡವಾಗಿತ್ತು.

ಆಸ್ಪತ್ರೆಯಿಂದ ಬಿಟ್ಟ ದಿನ ಅಪ್ಪ ಮಗಳು ನೇರ ರೈಲ್ವೆ ಸ್ಟೇಷನ್ನಿಗೆ ಹೋದರು. ನಾನು ಹಾಸ್ಟೆಲ್ಲಿನಿಂದ ಅವಳ ಟ್ರಂಕು ತಂದುಕೊಟ್ಟೆ. ಅವಳು ಅಪ್ಪನಿಗೆ ಕೇಳುವಂತೆಯೇ ನನ್ನನ್ನು ಕೇಳಿದಳು, “ಆಂಟಿ, ಮೂರನೇ ವರ್ಷದ ಫೀ ಕಟ್ಟೋ ಕಡೀ ದಿನ ಯಾವತ್ತ್ ಅಂತ ಮೇಡಂಗ ಕೇಳಿ ಹೇಳ್ತೀರೇನ್ರಿ?” ಕೇಳಿ ಹೇಳಿದೆ. ಆ ದಿನ ಬಂದು ಹೋಯಿತು. ಹಾಸ್ಟೆಲ್ಲಿನ ಮಂಚಕ್ಕೆ ಬೇರೆ ಹುಡುಗಿ ಬಂದಳು ಎಂದು ಲೆಕ್ಚರರ್ ಹೇಳಿದರು. ಗದಗಕ್ಕೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಅಪ್ಪನೇ ಎತ್ತಿ, “ಆರಾಮದಾಳ್ರಿ” ಎಂದು ಇಟ್ಟರು. ಹಿಂದಿನಿಂದ ಮನೆ ತುಂಬ ನೆಂಟರು ಸೇರಿದ ಸದ್ದು, ಮದುವೆ ಮನೆಯಂತೆ.

ಹೈಡ್ರೋಕ್ಕೆ ಮೆಕ್ಯಾನಿಕ್ ಬಂದ. ಬ್ರೇಕಿಗೆ ಹೊಸ ಲೈನರ್ ಹಾಕಿ, ಲಾಕು ಸರಿ ಮಾಡಿದ. ಒಂದು ಗಂಟೆ ಕೂಡ ಹಿಡಿಯಲಿಲ್ಲ. “ಇಷ್ಟು ದಿನ ಹೆಂಗ್ ಓಡ್ಸಿದ್ರಿ ಅಕ್ಕಾ ಇದ್ನ?” ಎಂದ. ಈಗ ಕಾಲಿಟ್ಟರೆ ಇಪ್ಪತ್ತು ಸೆಕೆಂಡಿನಲ್ಲಿ ನಿಲ್ಲುತ್ತದೆ.

ಸಂಜೆಯ ಕೊನೆಯ ಲೋಡು ಈಗ ನಾನೇ ಇಳಿಸುವುದು. ಸ್ವಿಚ್ ಆರಿಸಿ ಬ್ರೇಕಿನ ಮೇಲೆ ಕಾಲಿಡುತ್ತೇನೆ. ಆ ಇಪ್ಪತ್ತು ಸೆಕೆಂಡಿನೊಳಗೇ ನನ್ನ ಬಲಗೈ ತಾನಾಗಿ ಪಕ್ಕದ ಮೂಟೆಗೆ ಹೋಗಿ ಒಂದು ಟವೆಲ್ಲು ಎತ್ತಿಕೊಂಡಿರುತ್ತದೆ. ಮೊನ್ನೆ ನೋಡುತ್ತೇನೆ, ಎರಡು ಮಡಿಕೆ ಆಗಲೇ ಹಾಕಿತ್ತು.